ವಾಟ್ ಕೂಡ ಒಂದು ಅಳತೆಯೇ

2025ರ ಸೆಪ್ಟೆಂಬರ್ 22ರಂದು 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದೇ ದಸರೆಯಲ್ಲಿ ನಮ್ಮ ಮನೆಗೂ 55 ಅಂಗುಲದ ಟಿ.ವಿ. ಬಂತು. ಚಿತ್ರ ದೊಡ್ಡದಾಯಿತು, ಮಾತು ಸಣ್ಣದಾಯಿತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನನ್ನ ಪತ್ನಿ ಎದ್ದು ಒಳಗೆ ಹೋದರು. ಏಕೆಂದು ಕೇಳಿದ್ದಕ್ಕೆ, ‘ಗದ್ದಲ ಕೇಳಿಸುತ್ತೆ, ಮಾತು ಕೇಳಿಸೋಲ್ಲ. ನೀವೇ ನೋಡಿಕೊಳ್ಳಿ’ ಎಂದರು. ಮರುವಾರವೂ ಹಾಗೆಯೇ ಆಯಿತು. ಮೂರನೆಯ ವಾರ ಅವರು ಬಂದು ಕೂರಲೇ ಇಲ್ಲ. ನಲವತ್ತು ವರ್ಷ ಒಟ್ಟಿಗೆ ಸಿನಿಮಾ ನೋಡಿದ ದಂಪತಿಗೆ ಇದು ಸಣ್ಣ ವಿಷಯವಲ್ಲ.

ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆ. ವಯೋಸಹಜವಾಗಿ ಮೇಲಿನ ಸ್ವರಗಳು ಕಿವಿಗೆ ಎಟುಕುತ್ತಿಲ್ಲ ಎಂಬುದು ಪರೀಕ್ಷೆಯಲ್ಲಿ ತಿಳಿಯಿತು. ಸ್ವರಾಕ್ಷರಗಳ ಶಕ್ತಿ ಕೆಳಗಿನ ಕಂಪನಾಂಕಗಳಲ್ಲಿರುತ್ತದೆ. ‘ಸ’, ‘ತ’, ‘ಕ’ದಂತಹ ವ್ಯಂಜನಗಳ ಗುರುತು ಇರುವುದು ಎರಡು ಸಾವಿರ ಹರ್ಟ್ಸ್‌ಗೂ ಮೇಲೆ. ಹೀಗಾಗಿ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನು ಹೇಳಿದರು ಎಂಬುದು ಗೊತ್ತಾಗುವುದಿಲ್ಲ. ಧ್ವನಿ ಹೆಚ್ಚಿಸಿದರೆ ಹಿನ್ನೆಲೆ ಸಂಗೀತವೂ ಜೊತೆಗೇ ಏರುತ್ತದೆ. ಶ್ರವಣ ಸಾಧನ ಬಳಸುವಂತೆ ತಜ್ಞರು ಸೂಚಿಸಿದರು. ‘ನೋಡೋಣ’ ಎಂದು ನನ್ನ ಪತ್ನಿ ಕಡತವನ್ನು ಬಾಕಿ ಇಟ್ಟರು. ಸರ್ಕಾರಿ ನೌಕರನ ಹೆಂಡತಿ!

ಟಿ.ವಿ.ಯ ಕಡೆಯೂ ದೋಷವಿತ್ತು. ತೆಳುವಾದ ಇಂದಿನ ಟಿ.ವಿ.ಗಳ ಸ್ಪೀಕರ್‌ಗಳು ನೆಲದತ್ತಲೋ ಗೋಡೆಯತ್ತಲೋ ಮುಖಮಾಡಿರುತ್ತವೆ. ಸಿನಿಮಾದ ಧ್ವನಿಪಥವೋ ಎಡ, ಬಲ, ನಡು, ಹಿಂದೆ ಎರಡು, ಜೊತೆಗೆ ಕೆಳಸ್ವರಕ್ಕೆ ಒಂದು ಎಂದು ಆರು ಪಾಲುಗಳಾಗಿ ತಯಾರಾಗಿರುತ್ತದೆ. 5.1 ಎಂದು ಕರೆಯುವುದು ಇದನ್ನೇ. ಸಂಭಾಷಣೆಯ ಬಹುಪಾಲು ಇರುವುದು ನಡುವಿನ ಚಾನೆಲ್‌ನಲ್ಲಿ. ಟಿ.ವಿ. ಈ ಆರನ್ನೂ ಎರಡಕ್ಕೆ ಕಲಸಿಬಿಡುತ್ತದೆ. ರಿಸೀವರ್ ಎಂಬ ಪೆಟ್ಟಿಗೆ ಮಾಡುವ ಮುಖ್ಯ ಉಪಕಾರವೆಂದರೆ ಅವನ್ನು ಬೇರೆಬೇರೆಯಾಗಿಯೇ ಉಳಿಸುವುದು. ಆಗ ನಡುವಿನ ಮಾತನ್ನು ಮಾತ್ರ ತುಸು ಎತ್ತರಿಸಬಹುದು. ಮನೆಯಲ್ಲಿ ಚಿತ್ರಮಂದಿರ ಕಟ್ಟುವ ಚಪಲ ನನಗಿರಲಿಲ್ಲ. ಈ ಒಂದು ಅನುಕೂಲ ಬೇಕಿತ್ತು. ಪಿಂಚಣಿಯಲ್ಲಿ ಇದಕ್ಕೆಂದು ತೆಗೆದಿಟ್ಟದ್ದು 60 ಸಾವಿರ ರೂಪಾಯಿ.

ಮೊದಲು ಹೋದದ್ದು ನಗರದ ಒಂದು ದೊಡ್ಡ ಮಳಿಗೆಗೆ. ಅಲ್ಲಿನ ಯುವಕ ಬಹಳ ವಿನಯದಿಂದ ಒಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ‘ಇದು ಸಾವಿರ ವಾಟ್ ಸರ್’ ಎಂದ. ಪಕ್ಕದ್ದು ಆರುನೂರು. ಅದರ ಆಚೆಗಿದ್ದ, ಬೆಲೆಯಲ್ಲಿ ಇವೆರಡನ್ನೂ ಮೀರಿಸಿದ ರಿಸೀವರ್ ಬರೀ ಎಪ್ಪತ್ತು. ಸಾವಿರ ಎಂದರೆ ಯಾವ ಸಾವಿರ ಎಂದು ಕೇಳಿದೆ. ‘ಟೋಟಲ್ ಸರ್’ ಎಂದ. ಎಷ್ಟು ಚಾನೆಲ್‌ಗಳಿಗೆ, ಎಷ್ಟು ಓಮ್‌ಗೆ, ಎಷ್ಟು ವಿಕೃತಿಯೊಂದಿಗೆ ಎಂದು ಕೇಳಿದಾಗ ಅವನ ಮುಖದಲ್ಲಿ ನನ್ನ ಬಗ್ಗೆ ಕರುಣೆ ಮೂಡಿತು. ತಪ್ಪು ಅವನದಲ್ಲ. ಪೆಟ್ಟಿಗೆಯ ಮೇಲೆಯೂ ಅದು ಬರೆದಿರಲಿಲ್ಲ.

ಸೇವಾವಧಿಯಲ್ಲಿ ಕೆಲಕಾಲ ತೂಕ ಮತ್ತು ಅಳತೆಗೆ ಸಂಬಂಧಿಸಿದ ಕಡತಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. 1976ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ ಇದ್ದ ಕಾಲ. ಅದರ ಜಾಗಕ್ಕೆ ಈಗ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಬಂದಿದೆ. ಬಿಸ್ಕತ್ತಿನ ಪೊಟ್ಟಣದಲ್ಲಿ ಎಷ್ಟು ಗ್ರಾಂ ಇದೆ, ಯಾವ ತಿಂಗಳು ತಯಾರಾಯಿತು, ಗರಿಷ್ಠ ಮಾರಾಟ ಬೆಲೆ ಎಷ್ಟು ಎಂಬುದನ್ನು ಮುದ್ರಿಸದಿದ್ದರೆ ಪ್ರಕರಣ ದಾಖಲಿಸಬಹುದು. ತರಕಾರಿ ಮಾರುವ ಮುದುಕಿಯ ತಕ್ಕಡಿಬಟ್ಟಿಗೂ ಮುದ್ರೆ ಬೇಕು. ಹೀಗಿರುವ ದೇಶದಲ್ಲಿ ಹತ್ತಾರು ಸಾವಿರ ರೂಪಾಯಿಯ ಯಂತ್ರವೊಂದರ ಮೇಲೆ ‘1000 ವಾಟ್’ ಎಂದು ಬರೆದವನನ್ನು ಯಾರೂ ಏನೂ ಕೇಳುವುದಿಲ್ಲವೆಂದರೆ, ಗ್ರಾಂ ಮಾತ್ರ ಅಳತೆ, ವಾಟ್ ಬರೀ ವಿಶೇಷಣ ಎಂದು ನಾವು ಒಪ್ಪಿಕೊಂಡಂತಾಯಿತು.

ಈ ಸಂಖ್ಯೆ ಹೇಗೆ ಹಿಗ್ಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪ್ರಸಿದ್ಧ ಜಪಾನಿ ಕಂಪನಿಯೊಂದರ ಆರಂಭಿಕ ಮಟ್ಟದ ರಿಸೀವರ್‌ನ ತಾಂತ್ರಿಕ ವಿವರದಲ್ಲಿ ಮೂರು ಸಂಖ್ಯೆಗಳಿವೆ: 70, 100, 135. ಮೂರೂ ವಾಟ್‌ಗಳೇ, ಮೂರೂ ಅದೇ ಯಂತ್ರದವೇ, ಮೂರೂ ನಿಜವೇ. ಎರಡು ಚಾನೆಲ್‌ಗಳನ್ನು ಒಟ್ಟಿಗೆ ದುಡಿಸಿ, ಕಿವಿಗೆ ಕೇಳುವ 20ರಿಂದ 20,000 ಹರ್ಟ್ಸ್‌ವರೆಗಿನ ಇಡೀ ವ್ಯಾಪ್ತಿಯಲ್ಲಿ, ವಿಕೃತಿ ಶೇ 0.1ನ್ನೂ ಮೀರದಂತೆ ಅಳೆದಾಗ 70. ಒಂದೇ ಚಾನೆಲ್ ದುಡಿಸಿ, ಒಂದೇ ಸ್ವರದಲ್ಲಿ ಅಳೆದಾಗ 100. ಅದೇ ಒಂದು ಚಾನೆಲ್‌ನಲ್ಲಿ ಶೇ 10ರಷ್ಟು ವಿಕೃತಿಯನ್ನು ಸಹಿಸಿಕೊಂಡು, ಅಂದರೆ ಧ್ವನಿ ಒಡೆಯುವವರೆಗೂ ಹಿಂಡಿದಾಗ 135. ಐವರು ಗುಮಾಸ್ತರ ಶಾಖೆಯಲ್ಲಿ ನಾಲ್ವರನ್ನು ರಜೆಯ ಮೇಲೆ ಕಳುಹಿಸಿ, ಎಲ್ಲ ಸೌಲಭ್ಯವನ್ನೂ ಒಬ್ಬನಿಗೇ ಕೊಟ್ಟು, ಅವನು ಆ ದಿನ ವಿಲೇವಾರಿ ಮಾಡಿದ ಕಡತಗಳನ್ನು ಐದರಿಂದ ಗುಣಿಸಿ ಮೇಲಧಿಕಾರಿಗೆ ವರದಿ ಕಳುಹಿಸಿದಂತೆ ಇದು. ಅಂತಹ ವರದಿಗಳನ್ನು ನಾನು ಕಂಡಿದ್ದೇನೆ.

ಆ ಕಂಪನಿ ಕನಿಷ್ಠಪಕ್ಷ ಮೂರನ್ನೂ ಬಿಡಿಸಿ ಬರೆದಿದೆ. ಜಾಹೀರಾತಿಗೆ ಹೋಗುವಾಗ ಸಾಮಾನ್ಯವಾಗಿ ಉಳಿಯುವುದು ಅತಿ ದೊಡ್ಡದು ಮಾತ್ರ. ಇನ್ನು ‘ಪಿಎಂಪಿಒ’ ಎಂಬ ಮಾಯಾ ಸಂಖ್ಯೆ ಓದುಗರಿಗೆ ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಟೂ-ಇನ್-ಒನ್‌ಗಳ ಮೇಲೆ ಹೊಳೆಯುವ ಚೀಟಿಯಾಗಿ ಅಂಟಿಕೊಂಡಿತ್ತು. ಅದಕ್ಕೆ ಒಪ್ಪಿತವಾದ ವ್ಯಾಖ್ಯೆಯೇ ಇಲ್ಲ. ವ್ಯಾಖ್ಯೆ ಇಲ್ಲದ್ದನ್ನು ಸುಳ್ಳೆಂದು ಸಾಬೀತು ಮಾಡುವುದೂ ಸಾಧ್ಯವಿಲ್ಲ.

ಗ್ರಾಹಕನ ಕೈಯಲ್ಲಿ ಒಂದು ಸಣ್ಣ ಅಸ್ತ್ರವಿದೆ: ಯಂತ್ರದ ಬೆನ್ನು. ಮುಂಭಾಗದಲ್ಲಿ ಏನೇ ಬರೆದಿರಲಿ, ವಿದ್ಯುತ್ ತಂತಿ ಒಳಹೋಗುವ ಜಾಗದ ಬಳಿ ಅದು ಎಷ್ಟು ವಾಟ್ ವಿದ್ಯುತ್ ಬಳಸುತ್ತದೆ ಎಂದು ಅಚ್ಚಾಗಿರುತ್ತದೆ. ಐದು ಚಾನೆಲ್‌ಗೆ ತಲಾ 135 ಎಂದರೆ 675 ಆಗಬೇಕು. ಬೆನ್ನಿನ ಮೇಲೆ 260 ಎಂದಿದ್ದರೆ? ಸಾಧಾರಣ ಬಳಕೆಯ ಮಟ್ಟದಲ್ಲಿ ಅಳೆದ ಸಂಖ್ಯೆ ಅದು, ಗರಿಷ್ಠ ಮಿತಿಯಲ್ಲ ಎಂಬುದು ನಿಜ. ಆದರೂ ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುವುದಿಲ್ಲ ಎಂಬ ನಿಯಮ ಬಜೆಟ್ಟಿಗೂ ಒಂದೇ, ಆಂಪ್ಲಿಫೈಯರಿಗೂ ಒಂದೇ. ಗೋಡೆಯಿಂದ 40 ವಾಟ್ ಎಳೆಯುವ ಪೆಟ್ಟಿಗೆ ಸಾವಿರ ವಾಟ್ ಹೊರಸೂಸುತ್ತದೆ ಎಂದರೆ ಅದನ್ನು ಅಂಗಡಿಗಲ್ಲ, ವಿದ್ಯುತ್ ನಿಗಮಕ್ಕೆ ಮಾರಬೇಕು.

ಇಷ್ಟೆಲ್ಲ ಜಗಳವಾಡಿದ ಮೇಲೆ ಹೇಳಬೇಕಾದ ಮಾತೊಂದಿದೆ. ಈ ವಾಟ್‌ಗಳಲ್ಲಿ ಬಹುಪಾಲು ನಮಗೆ ಬೇಕಾಗಿಯೇ ಇಲ್ಲ. ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಎಂಬ ನಿಯಮವನ್ನು ಮೊದಲ ವರ್ಷದಲ್ಲೇ ಓದುತ್ತೇವೆ. ಮೊದಲ ಲೋಟ ನೀರು ಕೊಡುವ ತೃಪ್ತಿಯನ್ನು ಐದನೆಯದು ಕೊಡದು. ಕಿವಿಯಷ್ಟು ನಿಷ್ಠೆಯಿಂದ ಈ ನಿಯಮವನ್ನು ಪಾಲಿಸುವ ಅಂಗ ಇನ್ನೊಂದಿಲ್ಲವೇನೋ. ವಾಟ್ ಇಮ್ಮಡಿಯಾದರೆ ಧ್ವನಿ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ‘ಎರಡು ಪಟ್ಟು ಜೋರು’ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅದಕ್ಕೆ ವಾಟ್ ಹತ್ತು ಪಟ್ಟಾಗಬೇಕು. ಅಂದರೆ 70 ವಾಟ್‌ನ ಯಂತ್ರ ಬಿಟ್ಟು 100 ವಾಟ್‌ನದಕ್ಕೆ ಹೆಚ್ಚು ಹಣ ತೆತ್ತವನಿಗೆ ದಕ್ಕುವುದು ಒಂದೂವರೆ ಡೆಸಿಬೆಲ್. ಕಿವಿ ಚುರುಕಾಗಿದ್ದರೆ ಗಮನಕ್ಕೆ ಬಂದೀತು.

ಸ್ಪೀಕರ್‌ಗಳ ಸಂವೇದನಶೀಲತೆ ಎಂಬ ಇನ್ನೊಂದು ಸಂಖ್ಯೆ ಇದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳಿಸುತ್ತದೆ ಎಂಬ ಲೆಕ್ಕ. 87 ಬದಲಿಗೆ 90 ಇರುವ ಸ್ಪೀಕರ್ ಆರಿಸಿದರೆ ನಿಮ್ಮ ಆಂಪ್ಲಿಫೈಯರ್‌ನ ಶಕ್ತಿ ಇಮ್ಮಡಿಯಾದಂತೆಯೇ. ನಮ್ಮ ಹಜಾರದಲ್ಲಿ ಸೋಫಾದಿಂದ ಟಿ.ವಿ.ಗೆ ಮೂರು ಮೀಟರ್. ಅಷ್ಟು ದೂರದಲ್ಲಿ, ಸಾಧಾರಣ ಸ್ಪೀಕರ್‌ಗೆ ಒಂದೇ ಒಂದು ವಾಟ್ ಕೊಟ್ಟರೂ 80 ಡೆಸಿಬೆಲ್‌ನ ಆಸುಪಾಸು ಧ್ವನಿ ಬರುತ್ತದೆ. ಎದುರಾಬದುರು ಕುಳಿತು ಆಡುವ ಮಾತು ಸುಮಾರು 60. ಸಿನಿಮಾದಲ್ಲಿ ಬಾಂಬು ಸಿಡಿಯುವ ಕ್ಷಣಕ್ಕೆ 20 ಡೆಸಿಬೆಲ್ ಹೆಚ್ಚು ಬೇಕೆಂದರೆ ನೂರು ವಾಟ್ ಬೇಕಾದೀತು, ಒಪ್ಪುತ್ತೇನೆ. ಆದರೆ ಗೋಡೆಯ ಆಚೆಗೆ ಇನ್ನೊಂದು ಸಂಸಾರ ವಾಸಿಸುವ ಅಪಾರ್ಟ್‌ಮೆಂಟಿನಲ್ಲಿ ಆ ಬಾಂಬು ಸಿಡಿಯಲೇಬೇಕೇ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ನಂತರ 45. ಹೀಗಾಗಿ ಬಜೆಟ್ ಬಿಗಿಯಾಗಿರುವವರು ರಿಸೀವರ್‌ಗಿಂತ ಸ್ಪೀಕರ್‌ಗೆ, ಅದರಲ್ಲೂ ಮಾತು ಹೊರಡುವ ನಡುವಿನ ಸ್ಪೀಕರ್‌ಗೆ ಹೆಚ್ಚು ಹಣ ಇಡುವುದು ಲೇಸು.

ಅಮೆರಿಕದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಇದೇ ಗೊಂದಲವಿತ್ತು. ಅಲ್ಲಿನ ಫೆಡರಲ್ ವಾಣಿಜ್ಯ ಆಯೋಗ 1974ರಲ್ಲಿ ಆಂಪ್ಲಿಫೈಯರ್‌ಗಳಿಗೆಂದೇ ಒಂದು ನಿಯಮ ತಂದಿತು. ವಾಟ್ ಎಂದು ಜಾಹೀರಾತು ಮಾಡುವುದಾದರೆ ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದನ್ನೂ ಹೇಳಬೇಕು ಎಂಬುದು ಅದರ ತಿರುಳು. 2024ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿ, 8 ಓಮ್ ಹೊರೆಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ 1ಕ್ಕಿಂತ ಕಡಿಮೆ ವಿಕೃತಿಯೊಂದಿಗೆ ಅಳೆಯುವ ಏಕರೂಪದ ವಿಧಾನವನ್ನು ಗೊತ್ತುಪಡಿಸಲಾಯಿತು. ಮಾರುಕಟ್ಟೆಯ ಸ್ವಾತಂತ್ರ್ಯವನ್ನು ಮಂತ್ರದಂತೆ ಜಪಿಸುವ ದೇಶವೇ ಇಂತಹ ನಿಯಮವನ್ನು ಐವತ್ತು ವರ್ಷ ಉಳಿಸಿಕೊಂಡಿದೆ ಎಂಬುದನ್ನು, ಪ್ರತಿಯೊಂದು ನಿಯಂತ್ರಣವನ್ನೂ ಪರ್ಮಿಟ್ ರಾಜ್ ಎಂದು ಹೀಗಳೆಯುವ ನಮ್ಮ ಮಿತ್ರರು ಗಮನಿಸಬೇಕು.

ಇದರ ಹಿಂದಿನ ತರ್ಕವನ್ನು ಜಾರ್ಜ್ ಅಕರ್‌ಲಾಫ್ 1970ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯ ಉದಾಹರಣೆಯೊಂದಿಗೆ ಬಿಡಿಸಿಟ್ಟರು. 2001ರಲ್ಲಿ ಅವರಿಗೆ ನೊಬೆಲ್ ಸಂದಿತು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ. ಕ್ರಮೇಣ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ. ನಾನು ಕಂಡ ಮಳಿಗೆಯಲ್ಲಿ ನಡೆಯುತ್ತಿದ್ದದ್ದು ಅದೇ. ‘70’ ಎಂದು ಪ್ರಾಮಾಣಿಕವಾಗಿ ಬರೆದ ರಿಸೀವರ್ ಮೂಲೆಯಲ್ಲಿ ದೂಳು ಹಿಡಿದಿತ್ತು. ‘1000’ ಎಂದು ಬರೆದದ್ದು ಬಾಗಿಲಲ್ಲೇ ಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಮೋಸ ಹೋಗುವವನು ಗ್ರಾಹಕ ಮಾತ್ರ ಅಲ್ಲ, ಸತ್ಯ ಹೇಳಿದ ತಯಾರಕನೂ ಹೌದು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ಅಳತೆಯ ವಿಧಾನವನ್ನೇ ಹೇಳದೆ ಸಂಖ್ಯೆಯನ್ನು ಮಾತ್ರ ಹೇಳಿದವನು ದಾರಿ ತಪ್ಪಿಸಿದ ಎಂದು ತೋರಿಸುವುದು ಹೇಗೆ? ಮೊದಲು ದಾರಿ ಎಲ್ಲಿದೆ ಎಂದು ಗುರುತು ಹಾಕಬೇಕು. ಫ್ರಿಜ್ಜು, ಏರ್ ಕಂಡಿಷನರ್‌ಗಳಿಗೆ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಚೀಟಿ 2006ರಲ್ಲಿ ಬಂದ ಬಳಿಕ ಓದು ಬಾರದವರೂ ನಕ್ಷತ್ರ ಎಣಿಸಿ ಕೊಳ್ಳುವುದನ್ನು ಕಲಿತರು. ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಒಂದು ಸಾಲು ಸಾಕು: ಇಷ್ಟು ಚಾನೆಲ್ ಒಟ್ಟಿಗೆ ದುಡಿದಾಗ, ಇಷ್ಟು ಓಮ್‌ಗೆ, ಈ ವ್ಯಾಪ್ತಿಯಲ್ಲಿ, ಇಷ್ಟು ವಿಕೃತಿಯೊಂದಿಗೆ, ತಲಾ ಇಷ್ಟು ವಾಟ್. ಹೊಸ ಇಲಾಖೆ ಬೇಡ, ಹೊಸ ಹುದ್ದೆಗಳೂ ಬೇಡ. ಶಾಯಿಯ ಖರ್ಚಷ್ಟೇ.

ನನ್ನ ಖರೀದಿಗೆ ಮರಳುತ್ತೇನೆ. ಕೈಯಲ್ಲಿ 60 ಸಾವಿರವಿತ್ತು. ಮೊಮ್ಮಗ ‘ತಾತ, ಅಟ್ಮಾಸ್ ಇಲ್ಲದಿದ್ದರೆ ವೇಸ್ಟ್’ ಎಂದ. ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ತಂತ್ರಜ್ಞಾನ. ಅದೇ ವರ್ಷ ‘ಶಿವಾಜಿ’ಯ ತ್ರಿಡಿ ಆವೃತ್ತಿಯೊಂದಿಗೆ ಭಾರತೀಯ ಚಿತ್ರಕ್ಕೂ ಬಂತು. ತಲೆಯ ಮೇಲೆ ಹೆಲಿಕಾಪ್ಟರ್ ಹಾರಿದಂತೆ ಕೇಳಿಸುತ್ತದೆ. ನನ್ನ ಪತ್ನಿಗೆ ಹೆಲಿಕಾಪ್ಟರ್ ಈಗಲೂ ಚೆನ್ನಾಗಿಯೇ ಕೇಳಿಸುತ್ತದೆ, ಅದರಲ್ಲಿ ಕುಳಿತವನು ಏನು ಹೇಳಿದ ಎಂಬುದು ಕೇಳಿಸುವುದಿಲ್ಲ. ಆದ್ದರಿಂದ ಅಟ್ಮಾಸ್ ಪಟ್ಟಿಯಿಂದ ಹೊರಬಿತ್ತು. ಸೌಂಡ್‌ಬಾರ್ ತೆಗೆದುಕೊಳ್ಳಿ, ರಗಳೆಯೇ ಇಲ್ಲ ಎಂದವರುಂಟು. ಬಾಡಿಗೆ ಮನೆಯಲ್ಲಿರುವವರಿಗೆ, ತಂತಿಗಳ ಸಹವಾಸ ಬೇಡವೆನ್ನುವವರಿಗೆ ಅದೇ ಸರಿ. ಆದರೆ ಅದರಲ್ಲಿ ಎಲ್ಲವೂ ಒಂದೇ ಕವಚದೊಳಗೆ. ಒಂದು ಭಾಗ ಕೆಟ್ಟರೆ ಇಡೀ ವಸ್ತು ಹೊರಗೆ.

ಅಷ್ಟರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯಾದ ಸ್ನೇಹಿತರೊಬ್ಬರು ತಮ್ಮ 2012ರ ರಿಸೀವರ್ ಮಾರುತ್ತಿರುವುದಾಗಿ ಹೇಳಿದರು. ಮಳಿಗೆಯ ಯುವಕನನ್ನು ಕೇಳಿದರೆ, ‘ಫೋರ್‌ಕೆ ಪಾಸ್ ಆಗಲ್ಲ, ಅದು ಸ್ಕ್ರ್ಯಾಪ್ ಸರ್’ ಎಂದ. ಅವನ ಮೊದಲ ಮಾತು ಸರಿ, ಎರಡನೆಯದು ತಪ್ಪು. ರಿಸೀವರ್ ಎಂದರೆ ಒಂದೇ ಕವಚದಲ್ಲಿರುವ ಎರಡು ಆಸ್ತಿ. ಒಂದು ಆಂಪ್ಲಿಫೈಯರ್: ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಉಷ್ಣ ಹೊರಹಾಕುವ ಲೋಹದ ಹಲಗೆ. ಅದರ ಸವಕಳಿ ಬಹಳ ನಿಧಾನ. ಇನ್ನೊಂದು ಡಿಜಿಟಲ್ ಭಾಗ: ಎಚ್‌ಡಿಎಂಐ ಕಿಂಡಿಗಳು, ನಕಲು ತಡೆಯುವ ಬೀಗಗಳು. ಅದಕ್ಕೆ ಐದು ವರ್ಷಕ್ಕೇ ಮುಪ್ಪು. ಚಿತ್ರವನ್ನು ರಿಸೀವರ್ ಮೂಲಕ ಹಾಯಿಸಲೇಬೇಕು ಎಂದುಕೊಂಡರೆ ಆ ಮುಪ್ಪು ನಮ್ಮನ್ನು ತಟ್ಟುತ್ತದೆ. ಹಾಯಿಸಬೇಕಾದ ಅಗತ್ಯವೇ ಇಲ್ಲ. ಸೆಟ್‌ಟಾಪ್ ಪೆಟ್ಟಿಗೆ ಮತ್ತಿತರ ಎಲ್ಲವನ್ನೂ ನೇರವಾಗಿ ಟಿ.ವಿ.ಗೇ ಜೋಡಿಸಿ, ಧ್ವನಿಯನ್ನು ಮಾತ್ರ ಅದರಿಂದ ರಿಸೀವರ್‌ಗೆ ಹಿಂದಕ್ಕೆ ಕಳುಹಿಸಬಹುದು. ‘ಆರ್ಕ್’ ಎಂಬ ಈ ವ್ಯವಸ್ಥೆ 2009ರ ಎಚ್‌ಡಿಎಂಐ 1.4ರಿಂದಲೇ ಇದೆ. ಅದೂ ಇಲ್ಲದ ಹಳೆಯ ಯಂತ್ರವಾದರೆ ಆಪ್ಟಿಕಲ್ ತಂತಿ ಇದೆ. ಅದರಲ್ಲೂ ಡಾಲ್ಬಿ ಡಿಜಿಟಲ್‌ನ 5.1 ಸಲೀಸಾಗಿ ಹರಿಯುತ್ತದೆ. ಬ್ಲೂರೇ ತಟ್ಟೆಗಳ ಅತಿ ಸೂಕ್ಷ್ಮ ಧ್ವನಿ ಬೇಕೆನ್ನುವವರಿಗೆ ಮಾತ್ರ ಹೊಸ ‘ಇ-ಆರ್ಕ್’ ಬೇಕು. ನಮ್ಮ ಮನೆಯಲ್ಲಿ ಬ್ಲೂರೇ ಇಲ್ಲ.

ಎಂಟು ಸಾವಿರಕ್ಕೆ ರಿಸೀವರ್ ಮನೆಗೆ ಬಂತು. ಒಂದು ಕಾಯಿಲೆ ಇತ್ತು: ಧ್ವನಿ ಹೆಚ್ಚಿಸುವ ತಿರುಗುಣಿ ತಿರುಗಿಸಿದರೆ ಧ್ವನಿ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಕಂಪನಿಯ ಸೇವಾ ಕೇಂದ್ರ ‘ಹಳೇ ಮಾಡೆಲ್, ಬಿಡಿಭಾಗ ಬರಲ್ಲ’ ಎಂದು ಕೈಯಾಡಿಸಿತು. ಎಸ್.ಪಿ. ರಸ್ತೆಯ ಮಹಡಿಯೊಂದರಲ್ಲಿ, ಒಂದೂವರೆ ಮೇಜಿನಷ್ಟು ಜಾಗದಲ್ಲಿ ಕುಳಿತ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹೊಸ ತಿರುಗುಣಿ ಬೆಸುಗೆ ಹಾಕಿ 900 ರೂಪಾಯಿ ತೆಗೆದುಕೊಂಡರು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿತು. ಹಕ್ಕು ಅಲ್ಲಿದೆ, ದುರಸ್ತಿ ಮಾತ್ರ ಇನ್ನೂ ಎಸ್.ಪಿ. ರಸ್ತೆಯಲ್ಲೇ ಇದೆ. ಹಳೆಯದನ್ನು ಕೊಳ್ಳುವವರು ಒಂದು ಗಂಟೆ ಹಾಡಿಸಿ, ಎಲ್ಲ ಚಾನೆಲ್‌ಗಳೂ ಬರುತ್ತವೆಯೇ, ಅತಿಯಾಗಿ ಕಾಯುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು ಎಂದು ಅವರು ಬುದ್ಧಿ ಹೇಳಿದರು. ನಾನು ಹಣ ಕೊಟ್ಟಾಗಿತ್ತು.

ಉಳಿದ ಹಣದಲ್ಲಿ ಒಳ್ಳೆಯ ಒಂದು ನಡುವಿನ ಸ್ಪೀಕರ್, ಎಡಬಲಕ್ಕೆ ಒಂದು ಜೊತೆ ತಂದೆ. ಹಿಂದಿನವೂ ಇಲ್ಲ, ಕೆಳಸ್ವರದ ದೊಡ್ಡ ಪೆಟ್ಟಿಗೆಯೂ ಇಲ್ಲ; ಕೆಳಗಿನ ಮನೆಯವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು. ಎಲ್ಲ ಸೇರಿ 47 ಸಾವಿರದೊಳಗೆ ಮುಗಿಯಿತು. ಟಿ.ವಿ.ಯ ಎದುರಿನ ಬರಿಗೋಡೆಗೆ ಪುಸ್ತಕದ ಕಪಾಟನ್ನು ಸರಿಸಿದೆ, ನೆಲಕ್ಕೆ ಜಮಖಾನೆ ಹಾಸಿದೆ. ಪ್ರತಿಧ್ವನಿ ತಗ್ಗಿತು, ಇದಕ್ಕೆ ಕಾಸೂ ಖರ್ಚಾಗಲಿಲ್ಲ. ದರ್ಜಿಯ ಟೇಪಿನಿಂದ ಸೋಫಾಕ್ಕೆ ದೂರ ಅಳೆದು ರಿಸೀವರ್‌ಗೆ ತಿಳಿಸಿದೆ. ನಡುವಿನ ಚಾನೆಲ್‌ಗೆ 3 ಡೆಸಿಬೆಲ್ ಹೆಚ್ಚುವರಿ ಮಂಜೂರು ಮಾಡಿದೆ.

ಆ ಭಾನುವಾರ ಸಂಜೆ ಒಂದು ಹಳೆಯ ಕನ್ನಡ ಸಿನಿಮಾ ಹಾಕಿದೆ. ಪತ್ನಿ ಬಾಗಿಲ ಬಳಿ ನಿಂತೇ ಸ್ವಲ್ಪ ಹೊತ್ತು ಕೇಳಿದರು, ಆಮೇಲೆ ಬಂದು ಕುಳಿತರು. ಮಧ್ಯಂತರದ ಹೊತ್ತಿಗೆ ‘ರೀ, ಸ್ವಲ್ಪ ಕಮ್ಮಿ ಮಾಡ್ರೀ, ಪಕ್ಕದ ಮನೆಯವರಿಗೆ ಕೇಳಿಸುತ್ತೆ’ ಎಂದರು. ಕಮ್ಮಿ ಮಾಡಿದೆ. ಶ್ರವಣ ಸಾಧನದ ಕಡತ ಮಾತ್ರ ಇನ್ನೂ ಬಾಕಿಯಿದೆ. ಮುಂದಿನ ತಿಂಗಳು ಮೈಸೂರಿಗೆ ಹೋಗಲು ಒಪ್ಪಿದ್ದಾರೆ.